ಖಾಲಿ ಕೋವಿಯನ್ನೂ ತೆರೆದು ನೋಡುವ ಊರು

ಮಾಸ್ಕ್ ಹಾಕಿದ ಪೊಲೀಸಪ್ಪ ಪಕ್ಕದ ಮನೆಯ ಮೋರಿ-ಸಾನ್ ಅವರ ಬಾಗಿಲಲ್ಲಿ ನಿಂತು, ನಾನು ಗಂಡನ ಜೊತೆ ಜಗಳ ಆಡುತ್ತೇನೆಯೇ, ಕುಡಿಯುತ್ತೇನೆಯೇ ಎಂದು ವಿಚಾರಿಸುತ್ತಿದ್ದ. ತರಕಾರಿ ಚೀಲ ಹಿಡಿದು ಬಂದ ನಾನು ಗೇಟಿನ ಬಳಿಯೇ ನಿಂತು ಕೇಳಿಸಿಕೊಂಡೆ. ನಾನು ಮಾಡಿದ್ದಿಷ್ಟೇ: ಬೇಟೆಯ ಪರವಾನಗಿಗೂ ಕೋವಿಗೂ ಅರ್ಜಿ ಹಾಕಿದ್ದೆ. ಜಗಳಗಂಟರ ಕೈಗೆ ಕೋವಿ ಹೋಗಬಾರದೆಂದು ಇಲ್ಲಿ ನೆರೆಹೊರೆಯವರನ್ನೂ ಕೇಳುತ್ತಾರೆ. ನಮ್ಮೂರಲ್ಲಿ ಹೀಗೆ ಕೇಳಿದ್ದರೆ ಒಂದು ಮನೆಗೂ ಕೋವಿ ಸಿಗುತ್ತಿರಲಿಲ್ಲ.

ಗಂಡನ ಸಂಶೋಧನೆಯ ಕೆಲಸಕ್ಕೆಂದು ಜಪಾನಿನ ಒಕಾಜಾಕಿಗೆ ಬಂದು ಆರು ತಿಂಗಳಾಗಿತ್ತಷ್ಟೆ, ಕೊರೋನಾ ವಕ್ಕರಿಸಿತು. ವಿಮಾನಗಳು ನಿಂತವು. ಅವರು ಲ್ಯಾಬಿಗೆ ಹೋದರೆ ದಿನವಿಡೀ ನಾನು ಮಾತಾಡುತ್ತಿದ್ದುದು ಕೊಂಬಿನಿಯ, ಅಂದರೆ ಬೀದಿಮೂಲೆಯ ಅಂಗಡಿಯ, ಹೆಂಗಸಿನೊಡನೆ ಮಾತ್ರ; ಅದೂ ಅರಿಗಾತೋ ಎಂದು ಧನ್ಯವಾದ ಹೇಳುವಲ್ಲಿಗೆ ಮುಗಿಯುತ್ತಿತ್ತು. ಒಂದು ದಿನ ಮೋರಿ-ಸಾನ್ ಕಾಡುಹಂದಿ ಮಾಂಸದ ಪೊಟ್ಟಣ ತಂದುಕೊಟ್ಟರು. ಗುಡ್ಡದಂಚಿನ ಗದ್ದೆ ಉಳಿಸಿಕೊಳ್ಳಲು ಈ ಮುದುಕರು ಇಂದಿಗೂ ಬೇಟೆಗೆ ಹೋಗುತ್ತಾರೆ. ಅವರ ಜಾಕೆಟ್ಟಿನಿಂದ ಬಂದ ಕೋವಿ ಎಣ್ಣೆಯ ವಾಸನೆಗೆ ನನ್ನ ಕಣ್ಣು ತುಂಬಿತು. ಅದು ಅಪ್ಪನ ವಾಸನೆ. ಅರ್ಜಿ ಹಾಕಿದ್ದಕ್ಕೆ ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ.

ಸಕಲೇಶಪುರದ ಕಡೆಯ ನಮ್ಮ ಮನೆಯಲ್ಲಿ ಬೆಳೆ ಕಾಯುವ ಕೋವಿ ಬಾಗಿಲ ಹಿಂದೆ ಕೊಡೆಯ ಪಕ್ಕ ನಿಂತಿರುತ್ತಿತ್ತು. ಇಲ್ಲಿ ಕೋವಿಗೊಂದು ಬೀಗದ ಕಪಾಟು, ಗುಂಡಿಗೆ ಇನ್ನೊಂದು. ಇಲ್ಲಿ ತರಗತಿ, ಪುಸ್ತಕ, ಪರೀಕ್ಷೆ. ಅಲ್ಲಿ ಅಪ್ಪ ನನ್ನ ಹೆಗಲಿಗೆ ಕೋವಿ ಇಟ್ಟು "ಬಿಗಿಯಾಗಿ ಹಿಡ್ಕೊ" ಎಂದದ್ದೇ ತರಬೇತಿ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ, ಅಪ್ಪ "ಖಾಲಿ ಐತೆ" ಎಂದು ಕೊಟ್ಟ ಕೋವಿ ಚಿಕ್ಕಪ್ಪನ ಕೈಯಲ್ಲಿ ಹಾರಿ ಅವರ ಮೊಣಕಾಲು ಹೋಯಿತು. ಎಲ್ಲರೂ ಗ್ರಹಚಾರ ಎಂದರು. ನಾನೂ ಹಾಗೇ ನಂಬಿದ್ದೆ.

ಪರೀಕ್ಷೆಯಲ್ಲಿ ಅಪ್ಪನ ವಯಸ್ಸಿನ ಪರೀಕ್ಷಕರು ಮಾದರಿ ಕೋವಿಯೊಂದನ್ನು ಚಾಚಿ, "ಗುಂಡಿಲ್ಲ" ಎಂದರು. ತಲೆಬಾಗಿ ಎರಡೂ ಕೈಯಲ್ಲಿ ತೆಗೆದುಕೊಂಡೆ. ಅಷ್ಟಕ್ಕೇ ಫೇಲ್! ಒಳಗೆ ನೋಡಿರಲಿಲ್ಲವಂತೆ.

"ದೊಡ್ಡವರು ಹೇಳಿದ ಮೇಲೂ ನೋಡಿದರೆ ಅವರನ್ನು ನಂಬಲಿಲ್ಲ ಅಂತ ಆಗೋದಿಲ್ಲವೇ?" ಎಂದು ಮೋರಿ-ಸಾನ್ ಎದುರು ಸಿಟ್ಟು ಕಾರಿಕೊಂಡೆ.

"ಐವತ್ತು ವರ್ಷದ ಜೊತೆಗಾರ ಕೊಟ್ಟರೂ ನಾನು ತೆರೆದು ನೋಡುತ್ತೇನೆ. ನೋಡದಿದ್ದರೆ ಅವನೇ ಬೈಯುತ್ತಾನೆ," ಎಂದ ಅವರು, ಕೋವಿಯ ಬದಲು ನನ್ನ ಕೈಗೆ ಪೊರಕೆ ಕೊಟ್ಟು ಅಂಗಳದಲ್ಲೇ ಅಭ್ಯಾಸ ಮಾಡಿಸಿದರು. ಮಾತುಮಾತಿಗೂ ಸುಮಿಮಾಸೆನ್ ಎಂದು ಕ್ಷಮೆ ಕೇಳುವ ಈ ಜನ, ಕೋವಿಯ ವಿಷಯದಲ್ಲಿ ಮಾತ್ರ ಯಾರ ಮುಲಾಜಿಗೂ ಬೀಳುವುದಿಲ್ಲ. ಪೊರಕೆ ಹಿಡಿದು ನಿಂತಿದ್ದಾಗಲೇ ನನಗೆ ಹೊಳೆಯಿತು. ಚಿಕ್ಕಪ್ಪನೂ ಅಣ್ಣನ ಮೇಲಿನ ಗೌರವಕ್ಕೇ ನೋಡದೆ ತೆಗೆದುಕೊಂಡಿದ್ದರು. ಗ್ರಹಚಾರವೂ ಅಲ್ಲ, ಮಣ್ಣೂ ಅಲ್ಲ. ಅವರಿಬ್ಬರಿಗೂ ಯಾರೂ ಕಲಿಸಿಕೊಟ್ಟಿರಲಿಲ್ಲ.

ಎರಡನೇ ಸಲಕ್ಕೆ ಪಾಸಾದೆ. ಆ ಭಾನುವಾರ ವಿಡಿಯೋ ಕಾಲ್ ಮಾಡಿದರೆ ಮನೆಯವರೆಲ್ಲ ಅಂಗಳದಲ್ಲಿದ್ದರು. ಅಪ್ಪನಿಗೆ ಕಣ್ಣು ಮಂಜಾಗಿದೆ. ಗದ್ದೆಗೆ ನುಗ್ಗುವ ಹಂದಿ ಬೆದರಿಸುವ ಕೆಲಸ ಇನ್ನು ಮುಂದೆ ನನ್ನ ತಮ್ಮನದು.

"ತಗೊಳ್ಳೋ, ಖಾಲಿ ಐತೆ," ಎಂದು ಅಪ್ಪ ಕೋವಿ ಚಾಚಿದರು.

"ಅಪ್ಪಾ, ತಡೀರಿ! ತೆಗೆದು ತೋರ್ಸಿ ಕೊಡಿ."

ಅಪ್ಪನ ಮುಖ ಕೆಂಪಾಯಿತು. "ಜಪಾನಿಗೆ ಹೋಗಿ ನಂಗೇ ಬುದ್ಧಿ ಹೇಳ್ತೀಯೇನವ್ವ? ನನ್ ಮಾತಿಗೆ ಬೆಲೆ ಇಲ್ವಾ?"

ಜಗಲಿಯಿಂದ ಚಿಕ್ಕಪ್ಪ ಕುಂಟುತ್ತ ಬಂದರು. "ಅಣ್ಣ, ಮಗಳು ಹೇಳ್ದಂಗೆ ತೋರ್ಸು," ಎಂದರು. ಇಷ್ಟು ವರ್ಷಗಳಲ್ಲಿ ಆ ಕೋವಿಯ ಬಗ್ಗೆ ಅವರು ಅಪ್ಪನೆದುರು ಆಡಿದ ಮೊದಲ ಮಾತು ಅದು.

ಅಪ್ಪ ಚಿಕ್ಕಪ್ಪನ ಮೊಣಕಾಲನ್ನು ನೋಡಿದರು. ಆಮೇಲೆ ಕೋವಿಯನ್ನು ಬಾಗಿಸಿ ತೆರೆದರು. ಖಾಲಿಯೇ ಇತ್ತು. ನನ್ನ ತಮ್ಮ ಬಗ್ಗಿ ನೋಡಿದ, ಚಿಕ್ಕಪ್ಪನೂ ನೋಡಿದರು.

ಕಾಲ್ ಮುಗಿದ ಮೇಲೆ ಅತ್ತುಬಿಟ್ಟೆ. ಆ ಅಂಗಳದಲ್ಲಿ ನಾನೂ ಇರಬೇಕಿತ್ತು ಅನ್ನಿಸಿತು. ಆದರೆ ಅಲ್ಲೇ ಇದ್ದಿದ್ದರೆ ಅಪ್ಪನೆದುರು ನಾನು ಬಾಯಿ ಬಿಡುತ್ತಲೇ ಇರಲಿಲ್ಲ.