ಕಮರಿಯ ಬಂಡೆಗಳಿಗೆ ಕಿವಿಗೊಡುವ ತಂಗಿ

ಬೆಳಗಿನ ಐದೂಮುಕ್ಕಾಲು. ಕಮರಿಯ ತಳದಲ್ಲಿ ಇನ್ನೂ ಮಬ್ಬು. ಹೊಳೆಯ ಸದ್ದಿದೆ, ಹೊಳೆ ಕಾಣುತ್ತಿಲ್ಲ. ನನ್ನ ಮುಂದೆ ನಡೆಯುತ್ತಿದ್ದ ಹೆಂಗಸು ಗಕ್ಕನೆ ನಿಲ್ಲುತ್ತಾರೆ. ತಲೆಗೆ ಕಟ್ಟಿದ ಬಟ್ಟೆಯನ್ನು ಕಿವಿಯ ಹಿಂದಕ್ಕೆ ಸರಿಸಿ, ಪಕ್ಕದ ಬಂಡೆಗೆ ಚಿಕ್ಕ ಸುತ್ತಿಗೆಯಿಂದ ಮೂರು ಸಲ ಬಡಿಯುತ್ತಾರೆ. ಠಣ್, ಠಣ್, ಠಣ್.

"ಇವನು ಗಟ್ಟಿ."

ನಾಲ್ಕು ಹೆಜ್ಜೆ ಆಚೆ ಇನ್ನೊಂದು ಬಂಡೆ. ಈ ಸಲ ಸದ್ದು ಡಬ್ ಎಂದು ಕಲ್ಲಿನೊಳಗೇ ಉಳಿಯುತ್ತದೆ. "ಇವನ ಮೇಲೆ ನಂಗೆ ಅನುಮಾನ," ಎಂದು ಸೀಮೆಸುಣ್ಣದಲ್ಲಿ ಗೀಟು ಎಳೆಯುತ್ತಾರೆ. ನಾನೂ ಸುತ್ತಿಗೆ ಇಸಿದುಕೊಂಡು ಬಡಿದು ನೋಡುತ್ತೇನೆ. ನನಗೆ ಎರಡೂ ಒಂದೇ. ಅವರು ನಗುತ್ತಾರೆ: "ಒಂದು ವರ್ಷ ಬಡೀರಿ ಮೇಡಂ, ತಾನಾಗೇ ಕೇಳ್ಸುತ್ತೆ."

ಹೊಳೆಯಂಚಿನ ಈ ಕಾಲುದಾರಿ ಏಳು ಕಿಲೋಮೀಟರ್ ಉದ್ದ. ಒಂದು ಕಡೆ ನೀರು, ಇನ್ನೊಂದು ಕಡೆ ನೆತ್ತಿಯ ಮೇಲೆ ಬಾಗಿದ ಬಂಡೆ. ರಜೆಯ ದಿನ ಸಾವಿರ ಜನ ನಡೆಯುತ್ತಾರೆ. ಅವರೆಲ್ಲ ಬರುವ ಮೊದಲೇ ನಾನೂರ ಹನ್ನೆರಡು ಮೆಟ್ಟಿಲು, ಕೈಯಾಸರೆಗೆ ಬಿಗಿದ ಸರಪಳಿಗಳು, ನೂರಾರು ಬಂಡೆಗಳು, ಎಲ್ಲವನ್ನೂ ಈ ಐವತ್ತೊಂದರ ಹೆಂಗಸು ಮುಟ್ಟಿ, ಎಳೆದು, ಬಡಿದು ನೋಡಿರುತ್ತಾರೆ. ದಾರಿಯಲ್ಲಿ ಕೆಲಸ ಮಾಡುವವರು ಇಟ್ಟ ಹೆಸರು 'ಕಲ್ಲು ಡಾಕ್ಟರು'. "ಫೀಸು ಕೊಡೋ ಪೇಷಂಟು ಮಾತ್ರ ಇಲ್ಲಿ ಒಬ್ಬನೂ ಇಲ್ಲ," ಎನ್ನುತ್ತಾರೆ ಅವರು.

ಈ ಕೆಲಸ ಮೊದಲು ಅವರ ಅಣ್ಣನದಾಗಿತ್ತು. ಇಬ್ಬರೂ ಕಲ್ಲು ಕ್ವಾರಿಯಲ್ಲಿ ದುಡಿದು ಬಂದವರು. ಅಲ್ಲಿನ ಸಿಡಿಮದ್ದಿನ ಸದ್ದು ಅಣ್ಣನ ಕಿವಿಯನ್ನು ಮೆಲ್ಲಗೆ ತಿನ್ನುತ್ತಾ ಬಂತು. ಬಂಡೆಯ ದನಿ ಕೇಳಿಯೇ ಬದುಕುವವನಿಗೆ ಕಿವಿ ಹೋದರೆ ಇನ್ನೇನು ಉಳಿಯಿತು? ವಿಷಯ ಯಾರಿಗೂ ತಿಳಿಯಬಾರದೆಂದು ತಂಗಿಯನ್ನು ಸಹಾಯಕಿಯಾಗಿ ಸೇರಿಸಿಕೊಂಡರು. ಅಣ್ಣ ಬಡಿಯುವುದು, ತಂಗಿ ಹಿಂದೆ ನಿಂತು ಕೇಳುವುದು. ಗಟ್ಟಿಯಾಗಿದ್ದರೆ ಅಣ್ಣನ ಮೊಣಕೈಯನ್ನು ಒಂದು ಸಲ ಒತ್ತುವುದು, ಟೊಳ್ಳಾದರೆ ಎರಡು ಸಲ. ಮೂರು ವರ್ಷ ಹೀಗೇ ನಡೆಯಿತು.

ಏಳು ವರ್ಷದ ಹಿಂದೆ ಒಂದು ದಿನ ಮೇಲ್ವಿಚಾರಕರು ತಪಾಸಣೆಗೆ ಬಂದರು. ಹೊಳೆ ತಿರುವಿನಲ್ಲಿ ಛತ್ರಿಯಂತೆ ಚಾಚಿಕೊಂಡಿದ್ದ ಒಂದು ಬಂಡೆ. ಜನ ಅದರ ನೆರಳಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದರು. ಅಣ್ಣ ಬಡಿದರು. ಮೇಲ್ವಿಚಾರಕರು ಇಬ್ಬರ ನಡುವೆ ನಿಂತಿದ್ದರಿಂದ ತಂಗಿಯ ಕೈ ಅಣ್ಣನ ಮೊಣಕೈಗೆ ಎಟುಕಲಿಲ್ಲ. ಅಣ್ಣ ತಾವೇ ಹೇಳಿಬಿಟ್ಟರು: "ಗಟ್ಟಿಯಾಗಿದೆ ಸರ್."

"ನನ್ನ ಕಿವಿಗೆ ಡಬ್ ಅಂತ ಬಿದ್ದಿತ್ತು," ಎನ್ನುತ್ತಾ ತಂಗಿ ಮೆಟ್ಟಿಲ ಮೇಲೆ ಕೂತು ಸುತ್ತಿಗೆಯನ್ನು ಮಡಿಲಲ್ಲಿಟ್ಟುಕೊಳ್ಳುತ್ತಾರೆ. "ಸುಮ್ನಿದ್ರೆ ಅಣ್ಣನ ಮರ್ಯಾದೆ ಉಳಿಯುತ್ತೆ. ಆದ್ರೆ ಭಾನುವಾರ ಅದರ ಕೆಳಗೆ ಮಕ್ಕಳು ಕೂತಿರ್ತಾವೆ. ಬಾಯಿಗೆ ಬಂದೇಬಿಡ್ತು. ಇಲ್ಲ ಸರ್, ಅದು ಟೊಳ್ಳು, ಅಣ್ಣಂಗೆ ಕಿವಿ ಕೇಳ್ಸಲ್ಲ ಅಂದ್ಬಿಟ್ಟೆ."

ಮೇಲ್ವಿಚಾರಕರು ಅಣ್ಣನ ಬೆನ್ನ ಹಿಂದೆ ಹೋಗಿ ಎರಡು ಸಲ ಕೂಗಿದರು. ಅಣ್ಣ ತಿರುಗಲಿಲ್ಲ. ಕೊನೆಗೆ ತಾವಾಗೇ ತಿರುಗಿದಾಗ ಇಬ್ಬರ ಮುಖ ನೋಡಿಯೇ ಅವರಿಗೆ ಎಲ್ಲ ಅರ್ಥವಾಯಿತು. ಸುತ್ತಿಗೆಯನ್ನು ನೆಲದ ಮೇಲಿಟ್ಟು ಮೆಟ್ಟಿಲು ಹತ್ತಿ ಹೋದರು. ಕೆಲಸ ತಂಗಿಯ ಪಾಲಿಗೆ ಬಂತು.

ಒಂದೇ ಗೋಡೆಯ ಆಚೆ ಈಚೆ ಇಬ್ಬರ ಮನೆ. ಐದು ತಿಂಗಳು ಅಣ್ಣ ಮಾತಾಡಲಿಲ್ಲ. ಅತ್ತಿಗೆ ಮಾತ್ರ ಗಂಡನ ಕಣ್ಣು ತಪ್ಪಿಸಿ ಬಂದು, "ಕೋಪ ಇನ್ನೂ ಇಳಿದಿಲ್ಲ ಕಣೇ, ಸ್ವಲ್ಪ ತಡ್ಕೋ," ಎಂದು ಹೋಗುತ್ತಿದ್ದರು. ಇತ್ತ ತಂಗಿ ಇಬ್ಬರು ಆಳುಗಳೊಂದಿಗೆ ಹತ್ತೊಂಬತ್ತು ದಿನ ಕಲ್ಲು ಹೊತ್ತು, ಆ ಬಂಡೆಯನ್ನು ಬಳಸಿ ಹೋಗುವ ಹೊಸ ದಾರಿ ಮಾಡಿದರು. ಸುತ್ತು ಜಾಸ್ತಿಯಾಯಿತೆಂದು ಬಂದವರೆಲ್ಲ ಗೊಣಗಿದರು. ಬಂಡೆಯೋ, ಅಲುಗಲಿಲ್ಲ. "ರಾತ್ರಿಯೆಲ್ಲ ಯೋಚ್ನೆ. ಬೀಳ್ದಿದ್ರೆ? ಅಣ್ಣನ ಹೊಟ್ಟೆಗೆ ಸುಮ್ಸುಮ್ನೆ ಹೊಡೆದ ಹಾಗಾಯ್ತಲ್ಲ ಅಂತ."

ಮಳೆ ಶುರುವಾದ ಮೂರನೇ ವಾರ, ಹಾಡಹಗಲೇ, ಬಸ್ಸಿನಷ್ಟು ದೊಡ್ಡ ಆ ಬಂಡೆ ಹಳೆಯ ದಾರಿಯ ಮೇಲೆ ಕುಸಿಯಿತು. ಯಾರಿಗೂ ಒಂದು ಗೀರು ಕೂಡ ಆಗಲಿಲ್ಲ.

ಅಂದು ಸಂಜೆ ಅಣ್ಣ ಇವರ ಹೊಸಿಲಲ್ಲಿ ಬಂದು ನಿಂತರು. "ಎಷ್ಟು ಹೊತ್ತಿಗೆ ಬಿತ್ತು?" ತಂಗಿ ಬೆರಳಲ್ಲಿ ಒಂದು ಎಂದು ತೋರಿಸಿದರು. "ಜನ ಬುತ್ತಿ ಬಿಚ್ಚೋ ಹೊತ್ತು," ಎಂದ ಅಣ್ಣ ಒಳಗೆ ಬಂದು ಕೂತರು. "ನಂಗೂ ಒಂದು ತಟ್ಟೆ ಹಾಕು."

"ಅಷ್ಟೇ. ತಪ್ಪಾಯ್ತು ಗಿಪ್ಪಾಯ್ತು ಏನೂ ಇಲ್ಲ," ಎನ್ನುವಾಗ ಅವರ ಕಣ್ಣು ತುಂಬಿದೆ.

ಈಗ ವಾರಕ್ಕೊಮ್ಮೆ ಅಣ್ಣನೂ ಬರುತ್ತಾರೆ. ತಂಗಿ ಬಡಿಯುವಾಗ ಅಂಗೈಯನ್ನು ಬಂಡೆಗೆ ಒತ್ತಿ ಹಿಡಿಯುತ್ತಾರೆ. ಕಿವಿಗೆ ಕೇಳದ್ದು ಕೈಗೆ ತಿಳಿಯುತ್ತದಂತೆ. ಇಂದು ನಾಲ್ಕನೇ ತಿರುವಿನಲ್ಲಿ ನಮಗಾಗಿ ಕಾಯುತ್ತಿದ್ದಾರೆ. ನನ್ನನ್ನು ಪಕ್ಕಕ್ಕೆ ಕರೆದು ಗುಟ್ಟು ಹೇಳುತ್ತಾರೆ, ಇಡೀ ಕಮರಿಗೆ ಕೇಳುವಂತೆ: "ನನ್ನ ಕಿವಿ ಚೆನ್ನಾಗಿದ್ದಾಗ್ಲೂ ಅವಳಷ್ಟು ಚುರುಕಿರ್ಲಿಲ್ಲ. ಅವಳಿಗೆ ಹೇಳ್ಬೇಡಿ, ತಲೆ ಮೇಲೆ ಕೂತ್ಕೋತಾಳೆ!" ಹತ್ತಡಿ ದೂರದಲ್ಲಿ ತಂಗಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಾರೆ.

ಎಂಟೂವರೆಗೆ ಮೊದಲ ಗುಂಪು ಇಳಿದು ಬರುತ್ತದೆ. ಬಿಸಿಲು ಬಿದ್ದು ಹೊಳೆ ಈಗ ಹಸಿರಾಗಿದೆ. ಜನ ಅತ್ತಲೇ ಕತ್ತು ಚಾಚಿ, ಇವರನ್ನು ನೋಡದೆಯೇ ದಾಟಿ ಹೋಗುತ್ತಾರೆ. ಬೇಜಾರಾಗುವುದಿಲ್ಲವೇ ಎಂದು ಕೇಳುತ್ತೇನೆ.

"ಯಾಕೆ ಬೇಜಾರು? ಅಷ್ಟು ದೂರದಿಂದ ಬಂದೋರು ಹೊಳೆ ನೋಡ್ಲಿ. ಒಬ್ರೂ ಹೆದರ್ಕೊಂಡು ತಲೆ ಎತ್ತಿ ಬಂಡೆ ನೋಡ್ಲಿಲ್ಲ ಅಂದ್ರೆ, ಅವತ್ತಿನ ನನ್ನ ಕೆಲಸ ಸರಿಯಾಗಿದೆ ಅಂತ."