ಅಂಕಲ್ ಪಾಸ್ ಮಾಡಿದ ಬೆಕ್ಕು

ಹೋದ ತಿಂಗಳು ಚಂದಾಪುರದ ಒಂದು ಛತ್ರದಲ್ಲಿ ಮದುವೆ ಊಟ ಮುಗಿಸಿ ಕೈ ತೊಳೆಯಲು ಹೋದೆ. ನಲ್ಲಿಯ ಪಕ್ಕ ಅರ್ಧ ಸವೆದ ಕೆಂಪು ಸೋಪಿತ್ತು. ಆಸ್ಪತ್ರೆಯ ವಾಸನೆಯ, ಈಗ ಹೆಚ್ಚಾಗಿ ಯಾರೂ ಮನೆಗೆ ತರದ ಸೋಪು. ಕೈಗೆ ಹಚ್ಚಿಕೊಂಡವಳು ನೀರು ಬಿಟ್ಟುಕೊಂಡು ಹಾಗೇ ನಿಂತುಬಿಟ್ಟೆ. ಹಿಂದೆ ನಿಂತಿದ್ದವರು "ಮೇಡಂ, ಸ್ವಲ್ಪ ಬೇಗ" ಅಂದಮೇಲೆ ಎಚ್ಚರವಾಯಿತು. ಅದು ನಮ್ಮ ಎದುರುಮನೆ ಅಂಕಲ್ ಕೈಯ ವಾಸನೆ...

ಆಗ ನಾನು ದೊಡ್ಡನೆಕ್ಕುಂದಿಯಲ್ಲಿ ಬಾಡಿಗೆಗಿದ್ದೆ. ಮನೆಯಲ್ಲಿ ನಾನು ಮತ್ತು ಚಿನ್ನು ಎಂಬ ಬೂದು ಬಣ್ಣದ ಬೆಕ್ಕು, ಇಬ್ಬರೇ. ಅಂಕಲ್ ಸರ್ಕಾರಿ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ತಯಾರಾಗಿ ಬಂದ ಬಿಡಿಭಾಗಗಳನ್ನು ಅಳೆದು ನೋಡಿ ಪಾಸ್ ಅಥವಾ ರಿಜೆಕ್ಟ್ ಅನ್ನುವ ಕೆಲಸ. ನಿವೃತ್ತಿಯಾದ ಮೇಲೆ ಅಳೆಯಲು ಏನೂ ಸಿಗದೆ ಬೀದಿನಾಯಿಗಳ ಮೇಲೆ ಬಿದ್ದಿದ್ದಾರೆ ಎಂದು ನಾನು ಅವರ ಎದುರಿಗೇ ತಮಾಷೆ ಮಾಡುತ್ತಿದ್ದೆ. ಅವರು ನಗುತ್ತಿರಲಿಲ್ಲ, ಬೇಸರವನ್ನೂ ಮಾಡಿಕೊಳ್ಳುತ್ತಿರಲಿಲ್ಲ.

ಬೆಳಿಗ್ಗೆ ಏಳು ಗಂಟೆಗೆ ಅವರ ಗೇಟಿನ ಮುಂದೆ ಬೀದಿಯ ಮೂರು ನಾಯಿಗಳು ಬಂದು ಕೂರುತ್ತಿದ್ದವು. ಒಂದೊಂದಾಗಿ ಕಣ್ಣು, ಕಿವಿಯ ಒಳಗೆ, ಪಕ್ಕೆಲುಬು, ಪಾದದ ಸಂದಿ ನೋಡುವರು. ಕೊನೆಗೆ ತುಟಿ ಎತ್ತಿ ವಸಡನ್ನು ಬೆರಳಿಂದ ಒತ್ತುವರು. ಒತ್ತಿದ ಜಾಗ ಬಿಳುಚಿಕೊಂಡು ಮತ್ತೆ ಗುಲಾಬಿ ಬಣ್ಣಕ್ಕೆ ತಿರುಗಿದರೆ "ಪಾಸ್" ಎಂದು ಬೆನ್ನು ತಟ್ಟುವರು. ಪ್ರತಿ ನಾಯಿಯ ನಂತರ ಆ ಕೆಂಪು ಸೋಪಿನಿಂದ ಕೈ ತೊಳೆದುಕೊಂಡೇ ಇನ್ನೊಂದನ್ನು ಮುಟ್ಟುತ್ತಿದ್ದರು. ಆಮೇಲೆ ರಸ್ತೆ ದಾಟಿ ಬಂದು ನನ್ನ ಚಿನ್ನುವಿನ ತಪಾಸಣೆ.

"ಚೆನ್ನಾಗಿರೋದನ್ನೇ ದಿನಾ ಯಾಕೆ ನೋಡ್ತೀರಾ ಅಂಕಲ್?" ಎಂದು ಒಮ್ಮೆ ಕೇಳಿದ್ದೆ.

"ಸರಿಯಾದ ಪೀಸ್ ಹೆಂಗಿರುತ್ತೆ ಅಂತ ಕೈಗೆ ಗೊತ್ತಿರ್ಬೇಕು ಕಣಮ್ಮ. ಆಗ ಕೆಟ್ಟಿದ್ದು ತಾನಾಗೇ ಗೊತ್ತಾಗುತ್ತೆ. ನಾಯಿ ಆದ್ರೂ ಕುಂಟುತ್ತೆ, ಅಳುತ್ತೆ. ಬೆಕ್ಕು ನೋವು ತೋರ್ಸಲ್ಲ. ಊಟ ಬಿಡ್ತು, ಮೈ ನೆಕ್ಕೋದು ಬಿಡ್ತು, ಮಂಚದ ಕೆಳಗೆ ಸೇರ್ಕೊಂತು ಅಂದ್ರೆ ಕಾಯ್ಬೇಡ, ಸೀದಾ ಡಾಕ್ಟ್ರತ್ರ ಹೋಗು. ನಾವು ನುಂಗೋ ಮಾತ್ರೆ ಮಾತ್ರ ಯಾವ್ದೂ ಕೊಡ್ಬೇಡ."

ನಾನು ತಲೆಯಾಡಿಸಿದ್ದೆ. ಆದರೆ ನನ್ನಪ್ಪನದೂ ಕಾರ್ಖಾನೆಯ ಕೆಲಸವೇ. ಕಾರ್ಖಾನೆಯ ಡಿಸ್ಪೆನ್ಸರಿಯಿಂದ ತಂದ ಮಾತ್ರೆಗಳ ಡಬ್ಬಿ ನಮ್ಮ ಮನೆಯಲ್ಲಿ ದೇವರ ಗೂಡಿನ ಪಕ್ಕದಲ್ಲಿರುತ್ತಿತ್ತು. ಮೈ ಬಿಸಿಯಾದರೆ ದೊಡ್ಡವರಿಗೆ ಒಂದು, ಮಕ್ಕಳಿಗೆ ಅರ್ಧ. ಡಾಕ್ಟರ ಬಳಿಗೆ ಹೋಗುವುದು ಮೂರನೇ ದಿನಕ್ಕೆ. ನಾವೆಲ್ಲ ಹಾಗೇ ಬೆಳೆದವರು, ಆ ಡಬ್ಬಿಯ ಮೇಲೆ ಅಷ್ಟು ನಂಬಿಕೆ.

ಒಂದು ಶನಿವಾರ ಬೆಳಿಗ್ಗೆ ಅಂಕಲ್ ಎಂದಿನಂತೆ ಚಿನ್ನುವನ್ನು ನೋಡಿ ಪಾಸ್ ಮಾಡಿ, ಬೇಗೂರಿನ ನೆಂಟರ ಮನೆಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಚಿನ್ನು ಊಟ ಬಿಟ್ಟು ಮಂಚದ ಕೆಳಗೆ ಸೇರಿತು. ಕಿವಿ ಮುಟ್ಟಿದರೆ ಬಿಸಿ. ನನಗೆ ಆಫೀಸಿನ ಮೀಟಿಂಗ್ ಇತ್ತು, ಲ್ಯಾಪ್‌ಟಾಪ್ ಬಿಟ್ಟು ಏಳುವಂತಿರಲಿಲ್ಲ. ಏಳುವಂತಿರಲಿಲ್ಲ ಎನ್ನುವುದೂ ನಾನು ನನಗೇ ಹೇಳಿಕೊಂಡ ನೆಪ. ಬಾಡಿಗೆ ಮನೆಯಲ್ಲೂ ಅಂಥದೇ ಒಂದು ಮಾತ್ರೆ ಡಬ್ಬಿ ಇಟ್ಟುಕೊಂಡಿದ್ದೆ, ಅದನ್ನು ತೆಗೆದೆ. ಜ್ವರದ ಪ್ಯಾರಾಸಿಟಮಾಲ್ ಅರ್ಧ ಮಾತ್ರೆ ಪುಡಿ ಮಾಡಿ, ತುಪ್ಪದಲ್ಲಿ ಕಲೆಸಿ, ಅದರ ಬಾಯಿಗೆ ಸವರಿದೆ. ಅಮ್ಮ ನನಗೆ ಜೇನಿನಲ್ಲಿ ಕೊಡುತ್ತಿದ್ದಂತೆ, ತುಂಬಾ ಮುದ್ದಿನಿಂದಲೇ...

ಸಂಜೆ ಆರಕ್ಕೆ ಅಂಕಲ್ ವಾಪಸ್ಸಾದಾಗ ಚಿನ್ನುವಿನ ಮುಖ ಊದಿತ್ತು. ಬಾಯಿ ತೆರೆದು ಉಸಿರಾಡುತ್ತಿತ್ತು. ಅವರು ತುಟಿ ಎತ್ತಿದರು. ವಸಡು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಚಿನ್ನುವನ್ನು ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡು ಆಟೋ ಹತ್ತಿದರು. ನಾನು ಹಿಂದೆಯೇ ಹತ್ತಿದೆ.

ಕ್ಲಿನಿಕ್ಕಿನ ಡಾಕ್ಟರಮ್ಮ ವಸಡು ನೋಡಿದವರೇ ನನ್ನ ಕಡೆ ತಿರುಗಿ, "ಮನುಷ್ಯರ ಮಾತ್ರೆ ಏನಾದ್ರೂ ಕೊಟ್ರಾ? ಜ್ವರದ್ದು?" ಎಂದು ಕೇಳಿದರು. ಅಂಕಲ್ ನನ್ನ ಪಕ್ಕದಲ್ಲೇ ನಿಂತಿದ್ದರು. ಅವರ ಕೈ ಚಿನ್ನುವಿನ ಬೆನ್ನ ಮೇಲಿತ್ತು.

"ಇಲ್ಲ" ಅಂದೆ.

"ಸರಿಯಾಗಿ ಯೋಚ್ನೆ ಮಾಡಿ ಹೇಳಿ."

"ಕೊಟ್ಟಿರಲ್ಲ ಡಾಕ್ಟ್ರೇ. ಆ ಹುಡುಗಿಗೆ ಗೊತ್ತು, ನಾನೇ ಹೇಳಿದೀನಿ" ಎಂದು ಅಂಕಲ್ ನನ್ನ ಪರವಾಗಿ ಉತ್ತರಿಸಿದರು.

ಡಾಕ್ಟರು ಬೇರೆ ವಿಷದ ದಾರಿಯಲ್ಲಿ ಹುಡುಕಿದರು. ಆ ಮಾತ್ರೆಗೆ ಬೇರೆಯದೇ ಔಷಧಿ ಉಂಟು, ಬೇಗ ಕೊಟ್ಟರೆ ಕೆಲವು ಬದುಕುತ್ತವೆ ಎಂದು ನನಗೆ ಆಮೇಲೆ ತಿಳಿಯಿತು. ನಮ್ಮದು ಬದುಕುತ್ತಿತ್ತೋ ಇಲ್ಲವೋ... ಮಾರನೆಯ ಬೆಳಿಗ್ಗೆ ಚಿನ್ನು ಹೋಯಿತು.

ನಾನು ಅತ್ತೆ, ಒಂದು ವಾರ ಸರಿಯಾಗಿ ಉಣ್ಣಲಿಲ್ಲ. ಅಂಕಲ್ ಅಳಲಿಲ್ಲ. ಸೀದಾ ಕಣ್ಣಾಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡರು. ದೃಷ್ಟಿ ಸರಿಯಾಗಿದೆ ಎಂದು ಅಲ್ಲಿ ಹೇಳಿದರೂ ಅವರು ನಂಬಲಿಲ್ಲ. "ಅವತ್ತು ಬೆಳಿಗ್ಗೆನೇ ಬಣ್ಣ ಬದ್ಲಾಗಿರುತ್ತೆ ಕಣಮ್ಮ. ನಾನೇ ನೋಡದೆ ಪಾಸ್ ಮಾಡ್ಬಿಟ್ಟೆ. ಸರ್ವೀಸಲ್ಲಿ ಒಂದ್ಸಲಾನೂ ಹಿಂಗೆ ಮಾಡಿದೋನಲ್ಲ" ಎಂದು ನನ್ನ ಮನೆಯ ಮೆಟ್ಟಿಲ ಮೇಲೆ ಕೂತು ಹೇಳಿದರು. ನಾನು ಕಾಫಿ ತರುತ್ತೇನೆಂದು ಒಳಗೆ ಎದ್ದುಹೋದೆ. ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಮತ್ತೆ ಬರಲಿಲ್ಲ. ಬಂದಿದ್ದರೂ ಕಾಫಿಯನ್ನೇ ತರುತ್ತಿದ್ದೆನೇನೋ, ನನ್ನ ಹಣೆಬರಹ ನನಗೆ ಗೊತ್ತು.

ಅಂಕಲ್ ನಾಯಿಗಳನ್ನು ನೋಡುವುದನ್ನು ನಿಲ್ಲಿಸಿದರು. ಅವು ಮಾತ್ರ ಏಳು ಗಂಟೆಗೆ ಬಂದು ಕೂರುತ್ತಿದ್ದವು. ಅವರು ಬಿಸ್ಕತ್ತು ಹಾಕಿ, ಮುಟ್ಟದೆ ಒಳಗೆ ಹೋಗುತ್ತಿದ್ದರು. ಆ ಮಳೆಗಾಲದಲ್ಲಿ ಕೆಂಚ ಎಂಬ ನಾಯಿಯ ಕಿವಿಯ ಹಿಂದೆ ಗಾಯವಾಗಿ ಹುಳು ಬಿದ್ದಿತ್ತು. ದುರ್ವಾಸನೆ ಬೀದಿಗೆಲ್ಲ ಹರಡಿದ ಮೇಲಷ್ಟೇ ನಮಗೆ ಗೊತ್ತಾಯಿತು. ಅವರು ನೋಡುತ್ತಿದ್ದರೆ ಮೊದಲ ದಿನವೇ ಸಿಗುತ್ತಿತ್ತು.

ಎರಡು ವರ್ಷದ ನಂತರ ಅಂಕಲ್ ತೀರಿಕೊಂಡರು. ಮನೆ ಖಾಲಿ ಮಾಡಲು ಬಂದ ಅವರ ಮಗಳು ನನ್ನನ್ನು ಮಾತಾಡಿಸಿದಳು. "ಅಪ್ಪ ನಿಮ್ಮ ಬೆಕ್ಕಿನ ವಿಷ್ಯ ತುಂಬಾ ಹೇಳೋರು ಅಕ್ಕ. ಕೊನೇವರ್ಗೂ ಅದೇ ಕೊರಗು. ಅದಕ್ಕೆ ನಿಜವಾಗ್ಲೂ ಏನಾಗಿತ್ತು?"

ಕೇಳುವವರೇ ಬಾಗಿಲಿಗೆ ಬಂದಿದ್ದರು. ನಾನು ನಾಚಿಕೆಪಡಲು ಪಕ್ಕದಲ್ಲಿ ಅಂಕಲ್ ಕೂಡ ಇರಲಿಲ್ಲ.

"ಗೊತ್ತಾಗ್ಲೇ ಇಲ್ಲ" ಅಂದೆ.

ಈಗ ಅಂಕಲ್ ಮನೆ ಪಿಜಿಯಾಗಿದೆ. ಅಲ್ಲಿಯ ಹುಡುಗಿಯರು ಬೆಕ್ಕಿನ ಮರಿಯೊಂದನ್ನು ಸಾಕಿಕೊಂಡಿದ್ದಾರೆ. ಮೊನ್ನೆ ಆ ಕಡೆ ಹೋದಾಗ ಯಾವ ಮಾತ್ರೆ ಕೊಡಬಾರದೆಂದು ನಾನು ಹೇಳಿಬಂದೆ. ನಿಮಗೆ ಹೇಗೆ ಗೊತ್ತು ಎಂದು ಅವರು ಕೇಳಿದಾಗ ಮೊದಲು ಈ ಮನೆಯಲ್ಲಿದ್ದ ಅಂಕಲ್ ಹೇಳಿದ್ದರು ಎಂದೆ, ಅರ್ಧ ಸತ್ಯ. ಉಳಿದ ಅರ್ಧವನ್ನು ಇವತ್ತು ಬರೆದಿದ್ದೇನೆ. ಓದಬೇಕಾದವರಿಗೆ ತಲುಪುವುದಿಲ್ಲ. ಆದರೂ ಅಂಕಲ್, ಅವತ್ತು ಬೆಳಿಗ್ಗೆ ನೀವು ನೋಡಿದಾಗ ಚಿನ್ನುವಿಗೆ ಏನೂ ಆಗಿರಲಿಲ್ಲ.