ತಿಮ್ಮಯ್ಯನ ಗಂಟೆಗೆ ಆರಿಸಿದ ಕಂಬಿ

ಗಂಗಹನುಮಯ್ಯನಿಗೆ ತಿಮ್ಮಯ್ಯನನ್ನು ಕಂಡರೆ ಹೊಟ್ಟೆಕಿಚ್ಚು. ಇದನ್ನು ಮುಚ್ಚಿಟ್ಟು ಅವನ ಕಥೆ ಹೇಳುವುದರಲ್ಲಿ ಅರ್ಥವಿಲ್ಲ. ಕೆಂಗೇರಿಯಲ್ಲಿ ಆ ವಿಷಯ ಗೊತ್ತಿಲ್ಲದವನೆಂದರೆ ತಿಮ್ಮಯ್ಯನೊಬ್ಬನೇ.

ಇಬ್ಬರೂ ಮೈಸೂರಿನ ರೈಲುದಾರಿಯಲ್ಲಿ ದುಡಿದು ಒಂದೇ ವರ್ಷ ನಿವೃತ್ತರಾದವರು. ಗಂಗಹನುಮಯ್ಯ ಕೀಮನ್. ಬೆಳಗಿನ ರೈಲಿಗೆ ಮೊದಲೇ ಎದ್ದು, ಸುತ್ತಿಗೆ ಹೆಗಲಿಗೇರಿಸಿ, ಕಂಬಿಯ ಗುಂಟ ನಾಲ್ಕು ಮೈಲಿ ನಡೆದು, ಸಡಿಲವಾದ ಬೆಣೆಗಳನ್ನು ಬಡಿದು ಬಿಗಿ ಮಾಡಿಕೊಂಡು ಬರುವುದು. ಮೂವತ್ತೊಂದು ವರ್ಷ ಇದೇ ಕೆಲಸ. ಕಂಬಿಗೆ ಒಂದು ಏಟು ಹಾಕಿ ಕಿವಿಗೊಟ್ಟರೆ ಸಾಕು, ಒಳಗೆ ಕೂದಲೆಳೆಯಷ್ಟು ಸೀಳಿದ್ದರೂ ಅವನಿಗೆ ತಿಳಿಯುತ್ತಿತ್ತು. ಸೀಳು ಕಂಡರೆ ಕೆಂಪು ಬಾವುಟ ನೆಟ್ಟು ರೈಲು ನಿಲ್ಲಿಸಬೇಕು. ಹಾಗೆ ನಾಲ್ಕು ಸಲ ನಿಲ್ಲಿಸಿದ್ದ. ಒಳಗೆ ಕೂತವರು ಕಿಟಕಿಯಿಂದ ತಲೆ ಹೊರಹಾಕಿ, ತಡವಾಯಿತೆಂದು ಬೈದರೇ ಹೊರತು ಇವನ ಹೆಸರು ಕೇಳಿದವರಿಲ್ಲ.

ತಿಮ್ಮಯ್ಯ ಸ್ಟೇಷನ್ನಿನ ಜವಾನ. ಅಲ್ಲಿ ನೇತುಹಾಕಿದ್ದ ಕಂಬಿಯ ತುಂಡನ್ನು ಕಬ್ಬಿಣದ ಸರಳಿನಿಂದ ಬಾರಿಸಿ, ರೈಲು ಬರುತ್ತಿದೆಯೆಂದು ತಿಳಿಸುವುದು ಅವನ ಕೆಲಸ. ನೆರಳಿನಲ್ಲಿ ನಿಂತು ಟಣ್ ಟಣ್ ಎನ್ನಿಸಿದ್ದಕ್ಕೆ ಊರೆಲ್ಲ ಅವನನ್ನು 'ಗಂಟೆ ತಿಮ್ಮಯ್ಯಣ್ಣ' ಎಂದು ಕರೆಯುತ್ತಿತ್ತು. ಮದುವೆ ಮನೆಯಲ್ಲಿ ಅವನಿಗೆ ಮೊದಲ ಪಂಕ್ತಿ. ಬಿಸಿಲು ಮಳೆಯೆನ್ನದೆ ಸವೆದ ಗಂಗಹನುಮಯ್ಯ ಯಾರ ಕಣ್ಣಿಗೆ ಬಿದ್ದಿದ್ದ?

ಐವತ್ತಾರನೆಯ ಇಸವಿಯಲ್ಲಿ ಶಾಲೆಯ ಶಿವಬಸಪ್ಪ ಮೇಷ್ಟ್ರು ಶ್ರಮದಾನದ ಹುರುಪಿನಲ್ಲಿ, ಊರಿನಿಂದ ಸ್ಟೇಷನ್ನಿಗೆ ಹೋಗುವ ಕಾಲುದಾರಿಯನ್ನು ಚೆಂದ ಮಾಡಲು ಹೊರಟರು. ಪ್ರತಿ ಭಾನುವಾರ ಜನ ಗುದ್ದಲಿ ಹಿಡಿದು ಸೇರಿದರು. ಮುಳ್ಳುಪೊದೆ ಕಡಿದು, ಅಂಚಿಗೆ ಕಲ್ಲು ಜೋಡಿಸಿ ಸುಣ್ಣ ಬಳಿದು, ಕಣಗಿಲೆ ನೆಟ್ಟರು. ಊರಿಗೆ ರೈಲು ಬಂದ ಕಥೆಯನ್ನು ದಾರಿಯುದ್ದಕ್ಕೂ ಹಲಗೆಗಳಲ್ಲಿ ಬರೆಸಿ, ಹಳೆಯ ಸಾಮಾನುಗಳನ್ನು ನಿಲ್ಲಿಸಬೇಕೆಂಬುದು ಮೇಷ್ಟ್ರ ಆಸೆ. ಗಂಗಹನುಮಯ್ಯ ಮನೆಯಲ್ಲಿದ್ದ ಹಳೆಯ ಸುತ್ತಿಗೆ, ಕೆಂಪು ಬಾವುಟ ಎರಡನ್ನೂ ಕೊಟ್ಟ. ಅವನ್ನು ದಾರಿಯ ನಡುವೆ, ಹೊಂಗೆ ಮರದಡಿ, ಆಡುಗಳು ಮೈ ತಿಕ್ಕುವ ಕಡೆ ನಿಲ್ಲಿಸಿ 'ಕೀಮನ್ನನ ಸಾಮಾನು' ಎಂದು ಬರೆಸಿದರು. ಯಾವ ಕೀಮನ್? ಹೆಸರಿಲ್ಲ. ದಾರಿಯ ಬಾಯಲ್ಲಿ, ಹೋಗಿ ಬರುವವರಿಗೆಲ್ಲ ಕಾಣುವಂತೆ, ಗಂಟೆ ಬರಬೇಕು. ಅದರ ಹಲಗೆಯ ಮೇಲೆ ತಿಮ್ಮಯ್ಯನ ಹೆಸರು. ಅದನ್ನು ಬಾರಿಸಿ ದಾರಿ ತೆರೆಯುವವನೂ ತಿಮ್ಮಯ್ಯನೇ!

"ಗಂಗಹನುಮಯ್ಯನೋರೇ, ಸ್ಟೇಷನ್ ಹಿಂದ್ಗಡೆ ಹಳೇ ಕಂಬಿ ತುಂಡುಗಳ ರಾಶಿ ಇದ್ಯಲ್ಲ, ಗಂಟೆಗೆ ಒಂದು ತಗೊಳ್ಳಿ ಅಂತ ರೈಲ್ವೆಯೋರು ಅಂದಿದಾರೆ. ಒಳ್ಳೇದು ನೀವೇ ಆರಿಸ್ಕೊಡಿ" ಎಂದರು ಮೇಷ್ಟ್ರು.

"ಅವನ್ ಮೆರವಣಿಗೆಗೆ ನಾನು ಪಲ್ಲಕ್ಕಿ ಹೊರ್ಬೇಕಂತೆ ಕಣೇ!" ಎಂದು ಅವನು ಮನೆಗೆ ಬಂದು ಹೆಂಡತಿ ಅಕ್ಕಯ್ಯಮ್ಮನ ಮುಂದೆ ಉರಿದುಬಿದ್ದ.

"ಅದ್ಯಾಕಂಗೆ ಕುದೀತಿಯೆ? ಆವಯ್ಯ ನಿಂಗೇನ್ ಮಾಡವ್ನೆ?"

ಏನೂ ಮಾಡಿರಲಿಲ್ಲ. ಅದಕ್ಕೇ ಉರಿ ಇನ್ನೂ ಹೆಚ್ಚು.

ಮರುದಿನ ರಾಶಿಯ ಮುಂದೆ ಕೂತು ಒಂದೊಂದು ತುಂಡಿಗೂ ಏಟು ಹಾಕಿದ. ಆರನೆಯದು ತುಕ್ಕಿನಡಿ ಸೀಳು ಬಿಟ್ಟಿತ್ತು. ಒಡಕು ಮಡಕೆಯಂತೆ ತೊಟ್ ಎಂದಿತು. ಅಂಥ ಸದ್ದು ಕಿವಿಗೆ ಬಿದ್ದರೆ ಹಿಂದೆಲ್ಲ ಅವನ ಎದೆ ಧಸಕ್ ಎನ್ನುತ್ತಿತ್ತು. ಈಗ ತಿಮ್ಮಯ್ಯ ಎಲ್ಲರೆದುರು ಬಾರಿಸುವುದು, ಅದು ತೊಟ್ ಎನ್ನುವುದು, ಊರು ನಗುವುದು ಕಣ್ಣಿಗೆ ಕಟ್ಟಿತು. ಸೀಮೆಸುಣ್ಣದಿಂದ ಅದಕ್ಕೇ ಪಾಸಿನ ಗುರುತು ಹಾಕಿದ. ಒರೆಸಲು ಅಂಗೈ ಚಾಚಿದ, ಆದರೆ ಅಳಿಸಲಿಲ್ಲ.

ಮೊದಲ ಏಟು ತಿಮ್ಮಯ್ಯನದೇ ಆಗಬೇಕು, ಅದುವರೆಗೆ ಯಾರೂ ಬಾರಿಸಕೂಡದು ಎಂದು ಮೇಷ್ಟ್ರ ಕಟ್ಟಪ್ಪಣೆ. ಹಾಗಾಗಿ ಸೀಳು ಯಾರಿಗೂ ತಿಳಿಯಲಿಲ್ಲ.

ದಾರಿ ತೆರೆಯುವ ಭಾನುವಾರ ಮಾವಿನ ತೋರಣ, ಕೋಸಂಬರಿ, ಪಾನಕ. ತಿಮ್ಮಯ್ಯ ಪೇಟ ಸುತ್ತಿಕೊಂಡು ಬಂದು ಸರಳೆತ್ತಿ ಬಾರಿಸಿದ. ತೊಟ್. ಇನ್ನೊಮ್ಮೆ ಬಾರಿಸಿದ. ತೊಟ್. ಹಿಂದೆ ನಿಂತವರು ಕಿಸಕ್ಕೆಂದರು. ಗಂಗಹನುಮಯ್ಯನಿಗೆ ಸ್ವರ್ಗಕ್ಕೆ ಮೂರೇ ಗೇಣು.

"ಕಂಬಿ ಒಡ್ದಿರ್ಬೇಕು" ಎಂದ ಯಾರೋ.

ತಿಮ್ಮಯ್ಯ ಸಿಟ್ಟಿನಿಂದ ತಿರುಗಿದ. "ಯಾವನ್ಲಾ ಅವ್ನು? ಇದು ಗಂಗಹನುಮಯ್ಯ ಪಾಸ್ ಮಾಡಿರೋ ಕಂಬಿ. ಇವ್ನು ದಾರಿ ನೋಡ್ಕೊಂಡ್ ಬಂದವ್ನೆ ಅನ್ನೋ ಧೈರ್ಯದ್ಮೇಲೇ ನಾನು ಇಷ್ಟು ವರ್ಷ ಗಂಟೆ ಹೊಡ್ದಿದ್ದು. ಕಂಬಿ ಸರ್ಯಾಗೈತೆ. ನನ್ ರಟ್ಟೇಲಿ ಕಸುವಿಲ್ಲ, ಅಷ್ಟೇಯ."

ಸರಳನ್ನು ಗಂಗಹನುಮಯ್ಯನ ಕೈಗಿಟ್ಟು ಹೆಗಲ ಮೇಲೆ ಕೈ ಹಾಕಿದ. "ನೀನೇ ಹೊಡಿ ಕಣಯ್ಯ. ನಿಜ್ವಾಗ್ಲೂ ಇದು ನಿನ್ಗೇ ಸಲ್ಬೇಕಾದ್ದು."

ಮೂವತ್ತೊಂದು ವರ್ಷ ಬಯಸಿದ್ದು ಈಗ ಕೈಯಲ್ಲಿತ್ತು. ಊರೆಲ್ಲ ಇವನನ್ನೇ ನೋಡುತ್ತಿತ್ತು. ಒಂದು ಏಟು ಹಾಕಿ, ತನ್ನ ರಟ್ಟೆಯನ್ನೂ ಹಳಿದುಕೊಂಡು ನಕ್ಕುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಗಂಗಹನುಮಯ್ಯ ಸರಳನ್ನು ನೆಲಕ್ಕಿಟ್ಟು, ದಾರಿಯಲ್ಲಿ ನಡೆದು, ಹೊಂಗೆ ಮರದಡಿಯ ಕೆಂಪು ಬಾವುಟವನ್ನು ಕಿತ್ತು ತಂದು ಗಂಟೆಯ ಮುಂದೆ ನೆಟ್ಟ.

ಜನಕ್ಕೆ ಏನೂ ಅರ್ಥವಾಗಲಿಲ್ಲ. ರೈಲ್ವೆಯವನಾದ ತಿಮ್ಮಯ್ಯನಿಗೆ ಆಯಿತು.

"ಒಡ್ದೈತಾ?"

"ಹೂಂ."

"ಈಗ್ ಗೊತ್ತಾಯ್ತಾ?"

"ಆರಿಸ್ದಾಗ್ಲೇ ಗೊತ್ತಿತ್ತು. ಗೊತ್ತಿದ್ದೇ ಆರಿಸ್ದೆ. ನಿನ್ ಮೇಲಿನ್ ಹೊಟ್ಟೆಕಿಚ್ಗೆ."

ತಿಮ್ಮಯ್ಯ ಬಗ್ಗಿ ಸರಳನ್ನು ಎತ್ತಿಕೊಂಡು, ಧೂಳು ಒರೆಸಿ ಮೇಷ್ಟ್ರಿಗೆ ಕೊಟ್ಟು, ಪಾನಕವನ್ನೂ ಮುಟ್ಟದೆ ಮನೆಗೆ ಹೋದ.

ಮುಂದಿನ ಭಾನುವಾರ ಗಂಗಹನುಮಯ್ಯ ಸುಣ್ಣದ ಬಕೆಟ್ಟು ಹಿಡಿದು ಬಂದು, ದಾರಿಯ ದೂರದ ತುದಿಯ ಕಲ್ಲುಗಳಿಗೆ ಬಳಿಯುತ್ತ ಕೂತ. ಸ್ಟೇಷನ್ನಿನ ಹಿಂದೆ ತಿಮ್ಮಯ್ಯ ತಾನೇ ರಾಶಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ತುಂಡುಗಳಿಗೆ ಬಡಿದು ಬಡಿದು ಕಿವಿಯೊಡ್ಡುತ್ತಿದ್ದ. ಅಭ್ಯಾಸವಿಲ್ಲದ ಕಿವಿ, ಒಂದಕ್ಕೇ ನಾಲ್ಕು ಸಲ ಬಡಿಯುತ್ತಿದ್ದ. ಮೇಷ್ಟ್ರು ಒಮ್ಮೆ ಗಂಗಹನುಮಯ್ಯನ ಕಡೆ ನೋಡಿ ಮುಖ ತಿರುಗಿಸಿದರು.

ಮಧ್ಯಾಹ್ನದ ಹೊತ್ತಿಗೆ ಹೊಸ ಕಂಬಿ ನೇತುಬಿತ್ತು. ಟಣ್ ಎಂದಿತು. ಗಂಗಹನುಮಯ್ಯ ಕುಂಚ ನಿಲ್ಲಿಸಿ, ಸದ್ದು ಪೂರ್ತಿ ಅಡಗುವವರೆಗೂ ಕಿವಿಗೊಟ್ಟ. ಎಲ್ಲೂ ಸೀಳಿಲ್ಲ, ಕಂಬಿ ಚೆನ್ನಾಗಿದೆ. ಹೌದೋ ಅಲ್ಲವೋ ಎಂದು ಅವನನ್ನು ಯಾರೂ ಕೇಳಲಿಲ್ಲ.